ಕೊಪ್ಪರಿಗೆಯ ಗ್ಯಾಸ್ ಬರ್ನರ್‌ಗೆ ಯಾವ ಕಂಟ್ರೋಲ್? ಪೈಲಟ್, ಮಿಲಿವೋಲ್ಟ್, ಸ್ಪಾರ್ಕ್ ಡಬ್ಬಿ: ದೋಷ ಹಿಡಿಯುವ ಲೆಕ್ಕದಲ್ಲಿ ಒಂದು ಹೋಲಿಕೆ

50 ಲೀಟರ್ ಹಾಲನ್ನು 30 ಡಿಗ್ರಿಯಿಂದ 85 ಡಿಗ್ರಿಗೆ ತರಲು ಹೆಚ್ಚುಕಡಿಮೆ 3 ಯೂನಿಟ್ ಶಾಖ ಬೇಕು. ಅರ್ಧ ಗಂಟೆಯಲ್ಲಿ ಮುಗಿಯಬೇಕೆಂದರೆ ಕರೆಂಟಿನ ಹೀಟರ್ ಆರೂವರೆ ಕಿಲೋವ್ಯಾಟ್‌ನದ್ದಿರಬೇಕು. ಸಿಂಗಲ್ ಫೇಸಿನಲ್ಲಿ ಅದು 28-29 ಆಂಪಿಯರ್ ಎಳೆಯುತ್ತದೆ, ಮನೆಯ ಲೈನು ತಡೆಯುವ ಮಾತಲ್ಲ. ತ್ರೀ ಫೇಸ್ ಇದ್ದವರು ಹೀಟರ್ ಹಾಕಿಕೊಳ್ಳಲಿ, ಅವರಿಗೆ ಈ ತಾಪತ್ರಯ ಬೇಡ. ಉಳಿದವರಿಗೆ ಗ್ಯಾಸೇ ಗತಿ. ತೆರೆದ ಬರ್ನರಿನಲ್ಲಿ ಅರ್ಧ ಶಾಖ ಪಕ್ಕದಿಂದ ಹಾರಿಹೋಗುತ್ತದೆ ಎಂದು ಹಿಡಿದರೂ 12 ಕಿಲೋವ್ಯಾಟ್‌ನ ಬರ್ನರ್ ಸಾಕು. ಅದು ಗಂಟೆಗೆ ಒಂದು ಕೆಜಿಯೊಳಗೇ ಎಲ್‌ಪಿಜಿ ಸುಡುತ್ತದೆ.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಪನೀರ್, ಮೊಸರು, ಸಕ್ಕರೆ ಪಾಕ, ಮದುವೆ ಅಡುಗೆ ಅಂತ ಕೊಪ್ಪರಿಗೆ ಇಟ್ಟುಕೊಂಡವರು ಈಗ ಬರ್ನರಿಗೆ ತಾಪಮಾನದ ಕಂಟ್ರೋಲರ್ ಕೂಡಿಸಿಕೊಳ್ಳುತ್ತಿದ್ದಾರೆ. 63 ಡಿಗ್ರಿಗೆ ಏರಿ 30 ನಿಮಿಷ ಅಲ್ಲೇ ನಿಲ್ಲಲಿ, ಆಮೇಲೆ ತಾನೇ ಆರಲಿ ಎಂಬುದು ಅವರ ಬಯಕೆ. ಹೊರದೇಶದಲ್ಲಿ ಮನೆಯಲ್ಲೇ ಬಿಯರ್ ಕಾಯಿಸುವ ಹವ್ಯಾಸಿಗಳು ಇದೇ ಜೋಡಣೆಯನ್ನು ವರ್ಷಗಳಿಂದ ಬಳಸುತ್ತಿದ್ದಾರೆ, ಅಂತರ್ಜಾಲದಲ್ಲಿ ಸಿಗುವ ನಕ್ಷೆಗಳಲ್ಲಿ ಬಹುಪಾಲು ಅವರವೇ. ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸಲು ಅಬಕಾರಿ ಕಾಯ್ದೆ ಬಿಡುವುದಿಲ್ಲ. ಆದರೆ ಬರ್ನರಿಗೆ ಕೊಪ್ಪರಿಗೆಯೊಳಗೆ ಏನಿದೆ ಎಂಬುದು ಗೊತ್ತಾಗುವುದಿಲ್ಲವಲ್ಲ, ಹಾಗಾಗಿ ಆ ನಕ್ಷೆಗಳು ಹಾಲಿಗೂ ನಡೆಯುತ್ತವೆ. ನಡೆಯದಿರುವುದು ಅಲ್ಲಿನ ಕರೆಂಟು ಮತ್ತು ಅಲ್ಲಿನ ಗಾಳಿಯ ಲೆಕ್ಕ. ಅಲ್ಲಿ ಸಲೀಸಾಗಿ ನಡೆಯುವ ಸ್ಪಾರ್ಕ್ ಡಬ್ಬಿ (ಕಿಡಿ ಹಾರಿಸಿ ಬರ್ನರ್ ಹೊತ್ತಿಸುವ ಕಂಟ್ರೋಲ್) ಇಲ್ಲಿ ವಾರಕ್ಕೊಮ್ಮೆ ಮುಷ್ಕರ ಹೂಡುತ್ತದೆ. ಆದ್ದರಿಂದ ಕಂಟ್ರೋಲನ್ನು ಆರಿಸುವಾಗ ಎಷ್ಟು ಜಾಣ ಎಂದು ಕೇಳುವುದಕ್ಕಿಂತ, ಕೆಟ್ಟರೆ ಒಂದು ಮಲ್ಟಿಮೀಟರ್ ಮತ್ತು ಒಂದು ಪಾನಾದಿಂದ ದೋಷ ಸಿಗುತ್ತದೆಯೇ ಎಂದು ಕೇಳುವುದು ಮೇಲು.

ಮೊದಲು ಒತ್ತಡ, ಆಮೇಲೆ ಕಂಟ್ರೋಲ್

ಯಾವ ಕಂಟ್ರೋಲೂ ತಪ್ಪು ಒತ್ತಡದಲ್ಲಿ ಬದುಕುವುದಿಲ್ಲ. ಮನೆಯ ಗ್ಯಾಸ್ ಒಲೆಗೆ ರೆಗ್ಯುಲೇಟರ್ ಕೊಡುವುದು ಸುಮಾರು 30 ಮಿಲಿಬಾರ್. ಮದುವೆ ಅಡುಗೆಯ ಭೋರೆಂದು ಉರಿಯುವ ದೊಡ್ಡ ಒಲೆಗೆ ಹಾಕುವ, ಹಿಡಿ ತಿರುಗಿಸಿ ಹೆಚ್ಚುಕಡಿಮೆ ಮಾಡುವ ರೆಗ್ಯುಲೇಟರ್ ಅದರ ಎಷ್ಟೋ ಪಟ್ಟು ಕೊಡುತ್ತದೆ. ಪೈಲಟ್ (ದೊಡ್ಡ ಬರ್ನರನ್ನು ಹೊತ್ತಿಸಲು ಪಕ್ಕದಲ್ಲೇ ಉರಿಯುವ ಪುಟ್ಟ ಜ್ವಾಲೆ) ಸೇರಿದ ಗ್ಯಾಸ್ ವಾಲ್ವ್‌ಗಳಲ್ಲಿ ಬಹುತೇಕವುಗಳ ಮಿತಿ ಅರ್ಧ ಪಿಎಸ್‌ಐ, ಅಂದರೆ ಸುಮಾರು 35 ಮಿಲಿಬಾರ್. ಹೈ ಪ್ರೆಶರ್ ಲೈನಿಗೆ ಅದನ್ನು ಹಾಕಿದರೆ ಒಳಗಿನ ಪೊರೆ ಹರಿಯುತ್ತದೆ ಅಥವಾ ವಾಲ್ವ್ ಮುಚ್ಚುವುದನ್ನೇ ಮರೆಯುತ್ತದೆ. ಎರಡನೆಯದು ಹೆಚ್ಚು ಅಪಾಯ, ಯಾಕೆಂದರೆ ನೋಡಲು ಎಲ್ಲ ಸರಿಯಿದ್ದಂತೆಯೇ ಇರುತ್ತದೆ. ನಿಮ್ಮ ಬರ್ನರ್ ಹೈ ಪ್ರೆಶರಿನದಾದರೆ, ಬರ್ನರನ್ನೇ ಲೋ ಪ್ರೆಶರಿನದಕ್ಕೆ ಬದಲಿಸುವುದು ಸುಲಭದ ದಾರಿ.

ಒತ್ತಡ ಅಳೆಯಲು ಮೀಟರೇ ಬೇಕೆಂದಿಲ್ಲ. ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ವಾಲ್ವ್‌ನ ಪರೀಕ್ಷಾ ರಂಧ್ರಕ್ಕೆ ಕೊಡಿ. ಎರಡು ಕಡೆಯ ನೀರಿನ ಮಟ್ಟಗಳ ಅಂತರ 30 ಸೆಂ.ಮೀ. ಆಸುಪಾಸು ಇದ್ದರೆ ಅದು 30 ಮಿಲಿಬಾರ್. ಬರ್ನರ್ ಪೂರ್ತಿ ಉರಿಯುವಾಗ ಅಂತರ 25ಕ್ಕಿಂತ ಕೆಳಗಿಳಿದರೆ ಪೈಪು ಸಣ್ಣದು ಅಥವಾ ರೆಗ್ಯುಲೇಟರ್ ಸಾಲದು. ಕಂಟ್ರೋಲರಿನ ತಪ್ಪೆಂದು ದೂರುವ ಎಷ್ಟೋ ದೋಷಗಳು ಇಲ್ಲೇ ಬಯಲಾಗುತ್ತವೆ.

ಗುಜರಿಯಲ್ಲಿ ಸಿಗುವ ಹೊರದೇಶದ ವಾಲ್ವ್‌ಗಳ ಬಗ್ಗೆ ಒಂದು ಎಚ್ಚರಿಕೆ. ಅವು ನೈಸರ್ಗಿಕ ಅನಿಲಕ್ಕೆ ಹೊಂದಿಸಿದವಾದರೆ ಬರ್ನರಿಗೆ ಬಿಡುವ ಒತ್ತಡ ಸುಮಾರು 9 ಮಿಲಿಬಾರ್ ಮಾತ್ರ. ಎಲ್‌ಪಿಜಿಗೆ ಸುಮಾರು 27 ಬೇಕು. ಒಳಗಿನ ಸ್ಪ್ರಿಂಗ್ ಬದಲಿಸುವ ಕಿಟ್ ಸಿಕ್ಕರೆ ಸರಿ, ಇಲ್ಲದಿದ್ದರೆ ಕೊಳ್ಳಬೇಡಿ. ಜೆಟ್ (ಗ್ಯಾಸ್ ಚಿಮ್ಮುವ ರಂಧ್ರ) ಕೂಡ ಎಲ್‌ಪಿಜಿಗೆ ಸಣ್ಣದಿರಬೇಕು. ದೊಡ್ಡ ಜೆಟ್ ಉಳಿದರೆ ಜ್ವಾಲೆ ಹಳದಿಯಾಗಿ ಕೊಪ್ಪರಿಗೆಯ ತಳಕ್ಕೆ ಮಸಿ ಹಿಡಿಯುತ್ತದೆ.

ಒಂದು: ಸದಾ ಉರಿಯುವ ಪೈಲಟ್, ಥರ್ಮೋಕಪಲ್ ವಾಲ್ವ್, ಜೊತೆಗೆ ಸೊಲೆನಾಯ್ಡ್

ನಮ್ಮ ಆಯ್ಕೆ ಇದು. ಹತ್ತರಲ್ಲಿ ಎಂಟು ಕೊಪ್ಪರಿಗೆಗೆ ಇದಕ್ಕಿಂತ ಹೆಚ್ಚಿನದು ಬೇಡ.

ಜೋಡಣೆ ಹೀಗೆ: ರೆಗ್ಯುಲೇಟರಿನಿಂದ ಬಂದ ಪೈಪು ಮೊದಲು ಥರ್ಮೋಕಪಲ್ ಸೇಫ್ಟಿ ವಾಲ್ವ್‌ಗೆ. ಥರ್ಮೋಕಪಲ್ ಎಂದರೆ ಪೈಲಟ್ ಜ್ವಾಲೆಯ ಬಿಸಿಗೆ ಕೆಲವು ಮಿಲಿವೋಲ್ಟ್ ಹುಟ್ಟಿಸಿ ಆ ವಾಲ್ವನ್ನು ತೆರೆದಿಡುವ ಕಡ್ಡಿ. ಅದರ ನಂತರ ಟೀ ಹಾಕಿ, ಒಂದು ಕವಲು ಸಣ್ಣ ತಾಮ್ರದ ನಳಿಕೆಯಲ್ಲಿ ಪೈಲಟ್‌ಗೆ, ಇನ್ನೊಂದು ಕವಲು ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ದಾಟಿ ದೊಡ್ಡ ಬರ್ನರಿಗೆ. ಪೈಲಟ್ ಆರಿದರೆ ಸೇಫ್ಟಿ ವಾಲ್ವ್ ಎರಡೂ ಕವಲನ್ನು ಮುಚ್ಚುತ್ತದೆ. ತಾಪಮಾನದ ಕಂಟ್ರೋಲರ್ ಆಡಿಸುವುದು ಸೊಲೆನಾಯ್ಡನ್ನು ಮಾತ್ರ. ಕರೆಂಟು ಹೋದರೆ ಸೊಲೆನಾಯ್ಡ್ ಮುಚ್ಚುತ್ತದೆ, ಪೈಲಟ್ ಉರಿಯುತ್ತಲೇ ಇರುತ್ತದೆ, ಕರೆಂಟು ಬಂದ ಕೂಡಲೇ ಕೆಲಸ ಮುಂದುವರಿಯುತ್ತದೆ. ಶಕ್ತಿನಗರದಲ್ಲೂ ಕುಡತಿನಿಯಲ್ಲೂ ದೊಡ್ಡ ವಿದ್ಯುತ್ ಸ್ಥಾವರಗಳಿವೆ. ಆದರೂ ಆ ಚಿಮಣಿಗಳ ನೆರಳಲ್ಲೇ ಇರುವ ಊರಿನಲ್ಲಿ ಕರೆಂಟು ಹೇಗಿರುತ್ತದೆಂದು ಓದುಗರಿಗೆ ಹೇಳಬೇಕಿಲ್ಲ.

ಪೈಲಟ್‌ನ ದೋಷಗಳು ಮೂರೋ ನಾಲ್ಕೋ. ಸೇಫ್ಟಿ ವಾಲ್ವ್‌ನ ಗುಬುಟು ಒತ್ತಿ ಹಿಡಿದಷ್ಟು ಹೊತ್ತು ಉರಿದು, ಬಿಟ್ಟೊಡನೆ ಆರುತ್ತದೆ ಎಂಬುದು ಸಾಮಾನ್ಯ ದೂರು. 30 ಸೆಕೆಂಡ್ ಪೂರ್ತಿ ಒತ್ತಿದ್ದೀರಾ ಎಂದು ಮೊದಲು ನೋಡಿ. ಆಮೇಲೆ ಥರ್ಮೋಕಪಲ್‌ನ ಮೇಲಿನ ಒಂದು ಸೆಂ.ಮೀ. ತುದಿಯನ್ನು ನೀಲಿ ಜ್ವಾಲೆ ಸುತ್ತಿಕೊಂಡಿದೆಯೇ ನೋಡಿ. ಸುತ್ತಿಕೊಂಡಿಲ್ಲದಿದ್ದರೆ ಪೈಲಟ್‌ನ ಜೆಟ್ ಕಟ್ಟಿದೆ. ಆ ರಂಧ್ರ ಕೂದಲೆಳೆಗಿಂತ ಸ್ವಲ್ಪವೇ ದೊಡ್ಡದು, ಪಿನ್ನು ಚುಚ್ಚಬೇಡಿ, ಬಿಚ್ಚಿ ಗಾಳಿ ಊದಿ. ಚುಚ್ಚಿ ದೊಡ್ಡದು ಮಾಡಿದ ಜೆಟ್‌ಗೆ ಮತ್ತೆ ಮದ್ದಿಲ್ಲ.

ಜ್ವಾಲೆ ಸರಿಯಿದ್ದೂ ನಿಲ್ಲದಿದ್ದರೆ ವಾಲ್ವ್‌ನಿಂದ ಥರ್ಮೋಕಪಲ್‌ನ ನಟ್ಟು ಬಿಚ್ಚಿ, ಪೈಲಟ್ ಒತ್ತಿ ಉರಿಸುತ್ತಾ ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಅಳೆಯಿರಿ: ಒಂದು ಕಡ್ಡಿ ತುದಿಯ ಗುಂಡಿಗೆ, ಇನ್ನೊಂದು ತಾಮ್ರದ ಮೈಗೆ. 25-30 ಮಿಲಿವೋಲ್ಟ್ ಬಂದರೆ ಥರ್ಮೋಕಪಲ್ ಚೆನ್ನಾಗಿದೆ, ದೋಷ ವಾಲ್ವ್‌ನ ಒಳಗಿನ ಅಯಸ್ಕಾಂತದಲ್ಲಿ. 15ರ ಹತ್ತಿರ ಬಂದರೆ ಥರ್ಮೋಕಪಲ್ ಬದಲಿಸಿ. ಮತ್ತೆ ಕೂಡಿಸುವಾಗ ನಟ್ಟನ್ನು ಕೈಬೆರಳಿನಿಂದ ಬಿಗಿಮಾಡಿ, ಪಾನಾದಿಂದ ಕಾಲು ಸುತ್ತು ಸಾಕು. ಜೋರು ಮಾಡಿದರೆ ತುದಿಯ ಇನ್ಸುಲೇಶನ್ ನುಜ್ಜಾಗಿ ಶಾರ್ಟ್ ಆಗುತ್ತದೆ, ಹೊಸ ಥರ್ಮೋಕಪಲ್ಲೂ ಹಳೆಯದರಂತೆಯೇ ಆಡುತ್ತದೆ. ಹಾಲು ಉಕ್ಕಿ ಪೈಲಟ್ ಮೇಲೆ ಬೀಳುವುದು ಇನ್ನೊಂದು ಕಾರಣ. ಪೈಲಟ್ ಮೇಲೆ ತಗಡಿನ ಒಂದು ಚಿಕ್ಕ ಮಾಡು ಮಾಡಿದರೆ ಮುಗಿಯಿತು.

ಹೆಚ್ಚು ಕಾಡುವುದು ಸೊಲೆನಾಯ್ಡ್, ಕಾರಣ ವೋಲ್ಟೇಜ್. 230 ವೋಲ್ಟ್ ಎಸಿ ಕಾಯಿಲ್ ಮೊದಲ ಎಳೆತಕ್ಕೆ ಜಾಸ್ತಿ ಕರೆಂಟು ಕುಡಿಯುತ್ತದೆ, ಒಳಗಿನ ಕಡ್ಡಿ ಮೇಲಕ್ಕೆ ಕೂತ ಮೇಲೆ ಅದು ಇಳಿಯುತ್ತದೆ. ಸಂಜೆ ಲೈನಿನಲ್ಲಿ 170 ವೋಲ್ಟ್ ಮಾತ್ರ ಇದ್ದಾಗ ಕಡ್ಡಿ ಅರ್ಧಕ್ಕೇ ನಿಂತು ಗುಂಯ್‌ಗುಡುತ್ತದೆ, ಕರೆಂಟು ಇಳಿಯುವುದೇ ಇಲ್ಲ, ಕಾಯಿಲ್ ಬಿಸಿಯೇರಿ ಸುಡುತ್ತದೆ. ಕಾಯಿಲ್ ಬದಲಿಸುತ್ತಾ ಹೋಗುವುದು ಪರಿಹಾರವಲ್ಲ. 24 ವೋಲ್ಟ್ ಡಿಸಿ ಕಾಯಿಲ್ ಇರುವ ಗ್ಯಾಸ್ ಸೊಲೆನಾಯ್ಡ್ ಹಾಕಿ, ಅದಕ್ಕೆ 100ರಿಂದ 240 ವೋಲ್ಟ್‌ವರೆಗೆ ನಡೆಯುವ ಎಸ್‌ಎಂಪಿಎಸ್ (ಎಸಿಯನ್ನು ಡಿಸಿ ಮಾಡಿ ಕೊಡುವ ಡಬ್ಬಿ) ಕೊಡಿ. ಲೈನು 100 ವೋಲ್ಟ್‌ವರೆಗೆ ಕುಸಿದರೂ ಕಾಯಿಲ್‌ಗೆ 24 ವೋಲ್ಟೇ ಸಿಗುತ್ತದೆ. ಕಾಯಿಲ್‌ಗೆ ಅಡ್ಡಲಾಗಿ ಉಲ್ಟಾ ದಿಕ್ಕಿನಲ್ಲಿ ಒಂದು 1ಎನ್4007 ಡಯೋಡ್ ಹಾಕದಿದ್ದರೆ ಆರುವಾಗ ಏಳುವ ಏಟಿಗೆ ರಿಲೇಯ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಳ್ಳುತ್ತದೆ.

ಇಲ್ಲೊಂದು ಕಡೆ ಜೀವಕ್ಕೇ ಅಪಾಯವಿದೆ. ಎಸಿಗೆಂದು ಮಾಡಿದ ಎಸ್‌ಎಸ್‌ಆರ್‌ನಿಂದ (ಆಡುವ ಕಾಂಟ್ಯಾಕ್ಟ್ ಇಲ್ಲದ ಎಲೆಕ್ಟ್ರಾನಿಕ್ ರಿಲೇ) ಡಿಸಿ ಕಾಯಿಲ್ ಆಡಿಸಬೇಡಿ. ಒಮ್ಮೆ ಆನ್ ಆದರೆ ಅದು ಆಫ್ ಆಗುವುದಿಲ್ಲ, ಯಾಕೆಂದರೆ ಒಳಗಿನ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಆರಲು ಕರೆಂಟು ಸೊನ್ನೆಗೆ ಬರಬೇಕು, ಡಿಸಿಯಲ್ಲಿ ಅದು ಬರುವುದೇ ಇಲ್ಲ. ಎಸಿ ಕಾಯಿಲ್‌ಗೆ ಹಾಕಿದರೂ ಕೆಲವು ಎಸ್‌ಎಸ್‌ಆರ್‌ಗಳು ಆಫ್ ಇದ್ದಾಗಲೂ ಕೆಲವು ಮಿಲಿಆಂಪಿಯರ್ ಸೋರುತ್ತವೆ, ಸಣ್ಣ ಕಾಯಿಲ್ ಅಷ್ಟಕ್ಕೇ ಹಿಡಿದುಕೊಂಡು ನಿಲ್ಲಬಹುದು. ಗ್ಯಾಸಿಗೆ ಸಾದಾ ರಿಲೇಯೇ ವಾಸಿ. ಇನ್ನು ಆರ್‌ಓ ಫಿಲ್ಟರಿನ, ವಾಷಿಂಗ್ ಮಷಿನಿನ ಸೊಲೆನಾಯ್ಡನ್ನು ಗ್ಯಾಸಿಗೆ ಕೂಡಿಸುವ ವಿಡಿಯೋಗಳು ಬೇಕಾದಷ್ಟಿವೆ. ನೋಡಿ ನಕ್ಕು ಬಿಡಿ. ಅವು ನೀರಿಗೆ ಮಾಡಿದವು, ಗ್ಯಾಸನ್ನು ಬಿಗಿಯಾಗಿ ತಡೆಯುವ ಭರವಸೆ ಅವುಗಳಿಂದ ಇಲ್ಲ.

ಸೊಲೆನಾಯ್ಡ್ ಸೋರುತ್ತಿದೆಯೇ ಎಂದು ತಿಳಿಯಲು, ಪೈಲಟ್ ಉರಿಯುತ್ತಿರುವಾಗ ಕಂಟ್ರೋಲರ್ ಆಫ್ ಮಾಡಿ, ಕತ್ತಲೆಯಲ್ಲಿ ಬರ್ನರಿನ ರಂಧ್ರಗಳನ್ನು ನೋಡಿ. ಪೈಲಟ್ ಪಕ್ಕದ ಒಂದೆರಡು ರಂಧ್ರಗಳಲ್ಲಿ ನೀಲಿ ಚುಕ್ಕಿ ಉಳಿದಿದ್ದರೆ ಸೀಲಿನಲ್ಲಿ ಕಸ ಕೂತಿದೆ. ಸೊಲೆನಾಯ್ಡ್‌ಗೆ ಮುಂಚೆ ಗ್ಯಾಸ್ ಫಿಲ್ಟರ್ ಹಾಕಿದ್ದರೆ ಇದು ಅಪರೂಪ.

ಈ ಆಯ್ಕೆಯ ಖರ್ಚು ಎಂದರೆ ಪೈಲಟ್ ಸುಡುವ ಗ್ಯಾಸ್. ಕೆಲಸ ಇಲ್ಲದ ಹೊತ್ತು ಆರಿಸಿ ಇಟ್ಟರೆ ಅದೂ ಲೆಕ್ಕಕ್ಕೆ ಬರುವುದಿಲ್ಲ.

ಎರಡು: ಮಿಲಿವೋಲ್ಟ್ ವಾಲ್ವ್, ಕರೆಂಟೇ ಬೇಡ

ಥರ್ಮೋಕಪಲ್‌ಗಳನ್ನು ಒಂದರ ಹಿಂದೆ ಒಂದು ಸೇರಿಸಿದ ಥರ್ಮೋಪೈಲ್ ಪೈಲಟ್ ಜ್ವಾಲೆಯಿಂದಲೇ 500ರಿಂದ 750 ಮಿಲಿವೋಲ್ಟ್ ಹುಟ್ಟಿಸುತ್ತದೆ. ಆ ಶಕ್ತಿಯಿಂದಲೇ ದೊಡ್ಡ ವಾಲ್ವ್ ತೆರೆಯುತ್ತದೆ. ಕರೆಂಟು ಇಲ್ಲದ ಹೊಲದ ಮನೆಗೆ, ಜನರೇಟರ್ ಬೇಡವೆನ್ನುವವರಿಗೆ ಇದಕ್ಕಿಂತ ಸೊಗಸಾದದ್ದಿಲ್ಲ. ಬಿಡಿಭಾಗ ಮಾತ್ರ ನಮ್ಮ ಊರುಗಳ ಅಂಗಡಿಯಲ್ಲಿ ಸಿಗುವುದಿಲ್ಲ, ಆನ್‌ಲೈನಿನಲ್ಲಿ ತರಿಸಿ ಒಂದು ಥರ್ಮೋಪೈಲ್ ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಇಲ್ಲಿ ಮೋಸ ಹೋಗುವುದು ವೈರಿನಲ್ಲಿ. ಅರ್ಧ ವೋಲ್ಟಿನ ಸರ್ಕ್ಯೂಟಿಗೆ ಅರ್ಧ ಓಮ್ ಕೂಡ ದೊಡ್ಡ ಹೊರೆ. 5 ಮೀಟರ್ ದೂರದ ಥರ್ಮೋಸ್ಟಾಟ್‌ಗೆ 0.5 ಚದರ ಮಿ.ಮೀ. ವೈರು ಎಳೆದರೆ ಹೋಗಿಬರುವ ದಾರಿಯೇ 0.34 ಓಮ್. 1.5ರ ವೈರಿನಲ್ಲಿ 0.12ರಷ್ಟೇ. ಎಸ್‌ಎಸ್‌ಆರ್ ಇಲ್ಲಿ ಕೆಲಸಕ್ಕೇ ಬಾರದು, ಅದು ತನಗೇ ಒಂದು ವೋಲ್ಟ್‌ನಷ್ಟು ಇಟ್ಟುಕೊಳ್ಳುತ್ತದೆ. ಪಿಐಡಿ (ಗುರಿಯ ತಾಪ ಎಷ್ಟು ದೂರವಿದೆ ಎಂದು ಲೆಕ್ಕ ಹಾಕಿ ಆನ್-ಆಫ್ ಮಾಡುವ) ಕಂಟ್ರೋಲರಿನೊಳಗಿನ ಪವರ್ ರಿಲೇಯೂ ತಿಂಗಳೊಪ್ಪತ್ತಿನಲ್ಲಿ ಕೈಕೊಡುತ್ತದೆ: ಕಾಂಟ್ಯಾಕ್ಟ್ ಮೇಲೆ ಕೂರುವ ತೆಳು ಪದರವನ್ನು ಮಿಲಿವೋಲ್ಟ್ ಭೇದಿಸಲಾರದು. ಪಿಐಡಿಯಿಂದ ಒಂದು ಚಿನ್ನದ ಲೇಪನದ ಕಾಂಟ್ಯಾಕ್ಟ್ ಇರುವ ಸಿಗ್ನಲ್ ರಿಲೇ ಆಡಿಸಿ, ಅದರ ಮೂಲಕ ವಾಲ್ವ್ ಆಡಿಸಿ.

ದೋಷ ಹುಡುಕುವ ಕ್ರಮ ಸರಳ. ಪೈಲಟ್ ಉರಿಯುತ್ತಿದೆ, ಬರ್ನರ್ ಹೊತ್ತುತ್ತಿಲ್ಲ ಎಂದಾಗ ವಾಲ್ವ್‌ನ ಟಿಎಚ್ ಮತ್ತು ಟಿಎಚ್-ಟಿಪಿ ತಿರುಪುಗಳ ನಡುವೆ ದಪ್ಪ ವೈರಿನ ತುಂಡನ್ನು ಕ್ಷಣಕಾಲ ಮುಟ್ಟಿಸಿ. ಕೊಪ್ಪರಿಗೆಯಲ್ಲಿ ನೀರಿರಲಿ, ಮುಖ ದೂರವಿರಲಿ. ಬರ್ನರ್ ಹೊತ್ತಿದರೆ ವಾಲ್ವ್ ಸರಿ, ತಪ್ಪು ಥರ್ಮೋಸ್ಟಾಟ್, ರಿಲೇ ಅಥವಾ ವೈರಿನದು. ಹೊತ್ತದಿದ್ದರೆ ಥರ್ಮೋಪೈಲ್ ಅಳೆಯಿರಿ. ವಾಲ್ವ್ ತೆರೆಯಲು ಹೋದಾಗ ಅದರ ವೋಲ್ಟೇಜ್ 150 ಮಿಲಿವೋಲ್ಟ್‌ನ ಕೆಳಗೆ ಕುಸಿದರೆ ಥರ್ಮೋಪೈಲ್ ಸೋತಿದೆ ಅಥವಾ ಪೈಲಟ್ ಜ್ವಾಲೆ ಬಡವಾಗಿದೆ.

ಮೂರು: ಸ್ಪಾರ್ಕ್ ಡಬ್ಬಿ ಮತ್ತು ಜ್ವಾಲೆ ಗುರುತಿಸುವ ಕಡ್ಡಿ

ಡಬ್ಬಿ ಕಿಡಿ ಹಾರಿಸುತ್ತದೆ, ವಾಲ್ವ್ ತೆರೆಯುತ್ತದೆ, ಜ್ವಾಲೆಯಲ್ಲಿ ನಿಂತ ಕಡ್ಡಿಯ ಮೂಲಕ ಜ್ವಾಲೆ ಇದೆಯೇ ಎಂದು ನೋಡುತ್ತದೆ, ಕೆಲವು ಸೆಕೆಂಡಿನಲ್ಲಿ ಕಾಣದಿದ್ದರೆ ಲಾಕ್‌ಔಟ್, ಅಂದರೆ ಗ್ಯಾಸ್ ಮುಚ್ಚಿ, ರೀಸೆಟ್ ಒತ್ತುವವರೆಗೆ ಸುಮ್ಮನಾಗುತ್ತದೆ. ಪೈಲಟ್‌ಗಿಂತ ಬೇಗ ಗ್ಯಾಸ್ ಮುಚ್ಚುತ್ತದೆ ಎಂಬುದು ಇದರ ನಿಜವಾದ ಹೆಚ್ಚುಗಾರಿಕೆ: ಥರ್ಮೋಕಪಲ್ ತಣ್ಣಗಾಗಲು ಅರ್ಧ ನಿಮಿಷ, ಒಂದು ನಿಮಿಷ ಹಿಡಿಯುತ್ತದೆ. ಬರ್ನರ್ ದೊಡ್ಡದಾದಷ್ಟೂ ಆ ಅರ್ಧ ನಿಮಿಷ ಭಾರವಾಗುತ್ತದೆ. 20-25 ಕಿಲೋವ್ಯಾಟ್ ದಾಟಿದರೆ ನಾವೂ ಇದನ್ನೇ ಹಾಕಲು ಹೇಳುತ್ತೇವೆ.

ದೋಷವನ್ನು ಕಿವಿಯಿಂದಲೇ ಅರ್ಧ ಹಿಡಿಯಬಹುದು. ಟಿಕ್‌ಟಿಕ್ ಸದ್ದೇ ಇಲ್ಲವೆಂದರೆ ಡಬ್ಬಿಗೆ ಕರೆಂಟು ಅಥವಾ ಕಂಟ್ರೋಲರಿನ ಆಜ್ಞೆ ತಲುಪಿಲ್ಲ. ಕಿಡಿ ಇದೆ, ವಾಲ್ವ್‌ನ ‘ಟಕ್’ ಇಲ್ಲವೆಂದರೆ ಕಿಡಿ ಹಾರುತ್ತಿರುವಷ್ಟರಲ್ಲೇ ವಾಲ್ವ್‌ನ ತಿರುಪುಗಳಲ್ಲಿ ವೋಲ್ಟೇಜ್ ಅಳೆಯಿರಿ. ಬರಬೇಕಾದ 24 ವೋಲ್ಟ್ ಬಂದಿದ್ದರೆ ವಾಲ್ವ್ ಕೆಟ್ಟಿದೆ, ಬಂದಿಲ್ಲದಿದ್ದರೆ ಡಬ್ಬಿ. ಎರಡೂ ಸದ್ದಿದ್ದು ಜ್ವಾಲೆ ಇಲ್ಲವೆಂದರೆ ಗ್ಯಾಸ್ ಅಥವಾ ಕಿಡಿಯ ಜಾಗ ತಪ್ಪು. ಅಂತರ 3-4 ಮಿ.ಮೀ. ಇರಲಿ. ಕಿಡಿ ತುದಿಯಲ್ಲಿ ಹಾರದೆ ಪಿಂಗಾಣಿಯ ಮೈಮೇಲೆ ಹರಿಯುತ್ತಿದ್ದರೆ ಅದರಲ್ಲಿ ಬಿರುಕಿದೆ, ಇಲ್ಲವೇ ಹಬೆಯ ಪಸೆಯ ಮೇಲೆ ಕೆಂಪು ಧೂಳು ಕೂತಿದೆ. ಸಂಡೂರಿನ ಗಣಿ ಲಾರಿಗಳ ದಾರಿಯಲ್ಲಿ ಇದು ಮಾಮೂಲು.

ನಾಲ್ಕನೆಯದೇ ತಲೆನೋವು: ಚೆನ್ನಾಗಿ ಹೊತ್ತುತ್ತದೆ, ನಾಲ್ಕೈದು ಸೆಕೆಂಡ್ ಉರಿದು ಆರುತ್ತದೆ. ಜ್ವಾಲೆ ಕಣ್ಣಿಗೆ ಕಾಣುತ್ತದೆ, ಡಬ್ಬಿಗೆ ಕಾಣುವುದಿಲ್ಲ. ಜ್ವಾಲೆಯ ಮೂಲಕ ಕಡ್ಡಿಯಿಂದ ಬರ್ನರಿಗೆ ಹರಿಯುವ ಕರೆಂಟು ಕೆಲವೇ ಮೈಕ್ರೋ ಆಂಪಿಯರ್. ಕಡ್ಡಿಯ ವೈರು ಬಿಚ್ಚಿ ನಡುವೆ ಮೈಕ್ರೋ ಆಂಪಿಯರ್ ಮೀಟರ್ ಸೇರಿಸಿದರೆ ಡಿಸಿಯಲ್ಲಿ 2-3 ಬಂದರೆ ನೆಮ್ಮದಿ, ಒಂದಕ್ಕಿಂತ ಕೆಳಗಾದರೆ ಬಹುತೇಕ ಡಬ್ಬಿಗಳು ಲಾಕ್ ಆಗುತ್ತವೆ. ಕಾರಣಗಳು ಇಲ್ಲಿನ ನೆಲಕ್ಕೆ ತಕ್ಕಂತಿವೆ.

ಕಾರಟಗಿ, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳು ಭತ್ತದ ಹೊಟ್ಟನ್ನು ಸುಡುತ್ತವೆ, ಆ ಬೂದಿಯಲ್ಲಿ ಬಹುಪಾಲು ಸಿಲಿಕಾ. ಗಾಳಿಯಲ್ಲಿ ಬಂದು ಜ್ವಾಲೆಯಲ್ಲಿ ಬೆಂದು ಕಡ್ಡಿಗೆ ಅಂಟಿದರೆ ಅದು ಕರೆಂಟು ಹರಿಯಲು ಬಿಡುವುದಿಲ್ಲ. ಕಡ್ಡಿಯನ್ನು ಪಾತ್ರೆ ತಿಕ್ಕುವ ಸ್ಟೀಲ್ ಜುಂಗಿನಿಂದ ತಿಕ್ಕಿ. ಮರಳು ಕಾಗದ ಬೇಡ, ಅದರ ಪುಡಿಯೇ ಮತ್ತೆ ಅಂಟುತ್ತದೆ.

ಎರಡನೆಯದು ಅರ್ಥಿಂಗ್. ಬರ್ನರಿನ ಮೈಗೂ ಡಬ್ಬಿಯ ಅರ್ಥ್ ತಿರುಪಿಗೂ ನಡುವೆ ಪ್ರತ್ಯೇಕ ವೈರು ಇರಲೇಬೇಕು, ಪೈಪಿನ ಮೂಲಕ ಸಿಕ್ಕೀತು ಎಂಬ ಭರವಸೆ ಬೇಡ. ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಅರ್ಥಿಂಗ್ ಗುಂಡಿ ಒಣಗಿದ್ದೇ ಕಾರಣ ಎಂದು ಎಲೆಕ್ಟ್ರಿಷಿಯನ್ ಹೇಳುವುದುಂಟು. ಗುಂಡಿಗೆ ನೀರು ಹಾಕುವುದು ಒಳ್ಳೆಯದೇ, ಷಾಕಿನಿಂದ ಉಳಿಸುವುದು ಅದೇ. ಆದರೆ ಒಣ ಗುಂಡಿಯ ಕೆಲವು ನೂರು ಓಮ್ ಮೈಕ್ರೋ ಆಂಪಿಯರಿಗೆ ಲೆಕ್ಕಕ್ಕೇ ಇಲ್ಲ. ಲೆಕ್ಕಕ್ಕೆ ಬರುವುದು ಅರ್ಥ್ ವೈರು ಪೂರ್ತಿ ಕಡಿದಿರುವುದು ಮತ್ತು ಫೇಸ್-ನ್ಯೂಟ್ರಲ್ ಅದಲುಬದಲಾಗಿರುವುದು. 230 ವೋಲ್ಟಿನ ಡಬ್ಬಿಗಳಲ್ಲಿ ಅನೇಕವು ಫೇಸ್ ಯಾವ ಕಡೆ ಎಂದು ನೋಡುತ್ತವೆ, ಪ್ಲಗ್ಗಿನ ವೈರು ತಿರುಗಿಸಿದರೆ ಕೆಲವೊಮ್ಮೆ ಅಲ್ಲಿಗೇ ಮುಗಿಯುತ್ತದೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆದಾಗ ಕೆಲವೇ ವೋಲ್ಟ್ ಬರಬೇಕು. ಹತ್ತಾರು ವೋಲ್ಟ್ ಬಂದರೆ ನ್ಯೂಟ್ರಲ್ ಸಡಿಲವಾಗಿದೆ, ಡಬ್ಬಿಗಿಂತ ಮೊದಲು ಮನೆಯ ವೈರಿಂಗ್ ನೋಡಿಸಿ.

ಮೂರನೆಯದು ಇನ್ವರ್ಟರ್. ಕರೆಂಟಿದ್ದಾಗ ಸರಿಯಾಗಿ ಉರಿದು, ಇನ್ವರ್ಟರಿಗೆ ಬಂದೊಡನೆ ಲಾಕ್ ಆದರೆ ಅದರ ನ್ಯೂಟ್ರಲ್‌ಗೂ ಅರ್ಥ್‌ಗೂ ನಂಟಿಲ್ಲ ಅಥವಾ ಅಲೆ ಚೌಕಾಕಾರದ್ದು. ಒಳಗೇ 24 ವೋಲ್ಟ್ ಟ್ರಾನ್ಸ್‌ಫಾರ್ಮರ್ ಇರುವ ಡಬ್ಬಿಗೆ ಈ ಕಾಟ ಕಡಿಮೆ, ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಕಿಡಿಯ ಹೊತ್ತಿಗೆ ಪಕ್ಕದ ಕಂಟ್ರೋಲರ್ ಬೋರ್ಡ್ ತಾನಾಗಿ ರೀಸೆಟ್ ಆಗುವುದೂ ಉಂಟು. ಸ್ಪಾರ್ಕಿನ ವೈರನ್ನು ಸೆನ್ಸರ್ ವೈರಿನಿಂದ ಕನಿಷ್ಠ 30 ಸೆಂ.ಮೀ. ದೂರ, ಸಾಧ್ಯವಾದಷ್ಟು ಗಿಡ್ಡ ಇಡಿ. ಎರಡನ್ನೂ ಒಂದೇ ಕೊಳವೆಯಲ್ಲಿ ಹಾಯಿಸಬೇಡಿ.

ಲಾಕ್‌ಔಟ್ ಕಾಟಕ್ಕೆ ಬೇಸತ್ತು ರೀಸೆಟ್ ಬಟನ್ನನ್ನು ರಿಲೇಗೆ ಕಟ್ಟಿ ತಾನಾಗಿ ಮತ್ತೆ ಮತ್ತೆ ಪ್ರಯತ್ನಿಸುವಂತೆ ಮಾಡುವವರಿದ್ದಾರೆ. ಪ್ರತಿ ಪ್ರಯತ್ನದಲ್ಲೂ ಒಂದಿಷ್ಟು ಸುಡದ ಗ್ಯಾಸ್ ಹೊರಬರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತದೆ, ಗಾಳಿಯಲ್ಲಿ ನೂರಕ್ಕೆ ಎರಡು ಭಾಗ ಸೇರಿದರೂ ಹೊತ್ತಿಕೊಳ್ಳುತ್ತದೆ. ಕೋಣೆಯಲ್ಲಿ ಗಾಳಿಯ ಕಿಂಡಿ ನೆಲಮಟ್ಟದಲ್ಲಿರಬೇಕು. ಲಾಕ್ ಆದ ಮೇಲೆ ಐದು ನಿಮಿಷ ಬಿಟ್ಟು, ಮನುಷ್ಯನೇ ಬಂದು ಒತ್ತಬೇಕು.

ಮೂರಕ್ಕೂ ಸೇರಿದ ತಾಪಮಾನದ ಭಾಗ

ಬರ್ನರ್ ಸರಿಯಿದ್ದೂ ಹಾಲು ಸೀದರೆ ಸೆನ್ಸರ್ ನೋಡಿ. ಪಿಟಿ100 (ಬಿಸಿಯಾದಂತೆ ಓಮ್ ಏರುವ ಸೆನ್ಸರ್) ಆಗಿದ್ದರೆ ಬಿಚ್ಚಿ ಓಮ್ ಅಳೆಯಿರಿ: 0 ಡಿಗ್ರಿಗೆ 100, 30 ಡಿಗ್ರಿಗೆ ಸುಮಾರು 111.7, 100 ಡಿಗ್ರಿಗೆ 138.5. ಸೆನ್ಸರ್ ಕೊಪ್ಪರಿಗೆಯ ಲೋಹಕ್ಕೆ ತಗುಲದೆ ದ್ರವದ ನಡುವೆ ಇರಬೇಕು. ಗ್ಯಾಸಿಗೆ ಪಿಐಡಿಯ ಎರಡು ಸೆಕೆಂಡಿನ ಸೈಕಲ್ ಹೊಂದುವುದಿಲ್ಲ, ವಾಲ್ವ್ ಟಕಟಕ ಎಂದು ಸವೆಯುತ್ತದೆ. ಆನ್-ಆಫ್ ಕ್ರಮಕ್ಕೆ ಬದಲಿಸಿ, ಆರುವ ಮತ್ತು ಮತ್ತೆ ಹೊತ್ತುವ ತಾಪದ ನಡುವೆ 1.5 ಡಿಗ್ರಿ ವ್ಯತ್ಯಾಸ ಕೊಡಿ. ತಳದ ಬಿಸಿಯಿಂದ ಆಮೇಲೂ ಒಂದೆರಡು ಡಿಗ್ರಿ ಏರುವುದರಿಂದ ಗುರಿಯನ್ನು ಅಷ್ಟು ಕೆಳಗಿಡಿ.

ಯಾವ ಆಯ್ಕೆಯಾದರೂ ವಾಲ್ವ್‌ನ ವೈರಿನಲ್ಲಿ ನೇರವಾಗಿ ಒಂದು ಹೈ-ಲಿಮಿಟ್ ಥರ್ಮೋಸ್ಟಾಟ್ (ತಾಪ ಮಿತಿ ದಾಟಿದರೆ ವೈರು ಕಡಿಯುವಂಥದ್ದು) ಇರಲಿ. ಕೈಯಿಂದ ರೀಸೆಟ್ ಮಾಡುವಂಥದ್ದು, ಕೆಲಸದ ತಾಪಕ್ಕಿಂತ 10 ಡಿಗ್ರಿ ಮೇಲಿನದ್ದು. ಕಂಟ್ರೋಲರಿನ ಪ್ರೋಗ್ರಾಮಿನ ಮೂಲಕ ಹೋಗುವ ಸೇಫ್ಟಿ ಸೇಫ್ಟಿಯಲ್ಲ, ರಿಲೇ ಅಂಟಿಕೊಂಡ ದಿನ ಪ್ರೋಗ್ರಾಮಿನ ಮಾತು ಕೇಳುವವರು ಯಾರೂ ಇರುವುದಿಲ್ಲ. ಮಿಲಿವೋಲ್ಟ್ ವಾಲ್ವ್‌ಗೆ ಹಾಕುವ ಹೈ-ಲಿಮಿಟ್‌ನ ಕಾಂಟ್ಯಾಕ್ಟ್ ಮಿಲಿವೋಲ್ಟ್‌ಗೆ ಒಗ್ಗುವುದೇ ಎಂದು ಕೇಳಿ ಕೊಳ್ಳಿ.

ವ್ಯಾಪಾರದ ಅಡುಗೆಗೆ 14.2 ಕೆಜಿಯ ಮನೆ ಸಿಲಿಂಡರ್ ಬಳಸುವಂತಿಲ್ಲ, ವಾಣಿಜ್ಯ ಸಿಲಿಂಡರೇ (ಸಾಮಾನ್ಯವಾಗಿ 19 ಕೆಜಿಯದ್ದು) ಬೇಕು. ಸಿಲಿಂಡರ್ ಮುಗಿಯುತ್ತಾ ಬಂದಾಗ ಮೈಮೇಲೆ ಹಿಮ ಕೂತು ಒತ್ತಡ ಇಳಿಯುವುದು ಚಳಿಗಾಲದ ಬೆಳಗಿನ ಜಾವ ಇಲ್ಲೂ ಕಾಣುತ್ತದೆ. ಆಗ ಪೈಲಟ್ ಕುಗ್ಗಿದರೆ ಪೈಲಟ್ ಬಿಚ್ಚಬೇಡಿ, ಸಿಲಿಂಡರ್ ಬದಲಿಸಿ ನೋಡಿ. ಏನೇ ಬಿಚ್ಚಿ ಕೂಡಿಸಿದರೂ ಪ್ರತಿ ಕೂಡಿಗೆಗೆ ಸಾಬೂನು ನೀರು ಹಚ್ಚಿ: ಸೇಫ್ಟಿ ವಾಲ್ವ್‌ವರೆಗಿನದು ಗ್ಯಾಸ್ ತೆರೆದ ಕೂಡಲೇ, ಅದರಾಚೆಯದು ಪೈಲಟ್ ಉರಿಯುವಾಗ, ಸೊಲೆನಾಯ್ಡ್ ದಾಟಿದ ಮೇಲಿನದು ಬರ್ನರ್ ಉರಿಯುವಾಗಲೇ. ಅಲ್ಲಿ ಆಗ ಮಾತ್ರ ಗ್ಯಾಸ್ ಇರುತ್ತದೆ. ವಾಸನೆ ನಿಲ್ಲದಿದ್ದರೆ ಸಿಲಿಂಡರ್ ಮುಚ್ಚಿ, ಸ್ವಿಚ್ ಮುಟ್ಟದೆ ಹೊರಬಂದು 1906ಕ್ಕೆ ಕರೆ ಮಾಡಿ.